ಮಾತು ಹೊತ್ತ ಕರೆಂಟು ತಂತಿ

ಮನೆಗೆ ವೈ-ಫೈ ಹಾಕಿಸಿಕೊಂಡವರಿಗೆಲ್ಲ ಒಂದು ಅನುಭವ ಇದ್ದದ್ದೇ. ನಡುಮನೆಯಲ್ಲಿ, ರೌಟರಿನ ಎದುರಿಗೆ ಕುಳಿತರೆ ಎಲ್ಲವೂ ಸರಾಗ. ಮಹಡಿಯ ಮೂಲೆ ಕೋಣೆಗೆ ಹೋದರೆ ಚಿತ್ರ ನಿಂತು ನಿಂತು ಬರುತ್ತದೆ, ಮಾತು ತುಂಡು ತುಂಡಾಗುತ್ತದೆ. ಮಕ್ಕಳು ಓದಲು ಕುಳಿತುಕೊಳ್ಳುವುದೂ ಮನೆಯಿಂದಲೇ ಕಚೇರಿ ಕೆಲಸ ಮಾಡುವವರು ಬಾಗಿಲು ಹಾಕಿಕೊಳ್ಳುವುದೂ ಸಾಮಾನ್ಯವಾಗಿ ಆ ಮೂಲೆ ಕೋಣೆಯಲ್ಲೇ. ಕಲ್ಲಿನ ಗೋಡೆಯ ಹಳೆಯ ಮನೆಯಾದರಂತೂ ಕೇಳುವುದೇ ಬೇಡ. ಇದಕ್ಕೆ ಅಂಗಡಿಯವರು ತೋರಿಸುವ ಉಪಾಯಗಳಲ್ಲಿ ಒಂದು ಪವರ್‌ಲೈನ್ ಅಡಾಪ್ಟರ್. ಅಂಗೈಯಗಲದ ಎರಡು ಪೆಟ್ಟಿಗೆಗಳು. ಒಂದನ್ನು ರೌಟರಿನ ಬಳಿಯ ಪ್ಲಗ್ಗಿಗೆ ಸಿಕ್ಕಿಸಿ ರೌಟರಿಗೆ ತಂತಿಯಿಂದ ಜೋಡಿಸಬೇಕು; ಇನ್ನೊಂದನ್ನು ಮೂಲೆ ಕೋಣೆಯ ಪ್ಲಗ್ಗಿಗೆ ಸಿಕ್ಕಿಸಬೇಕು. ನಡುವೆ ಹೊಸ ತಂತಿ ಎಳೆಯುವುದಿಲ್ಲ, ಗೋಡೆ ಕೊರೆಯುವುದಿಲ್ಲ. ಮನೆಯ ಕರೆಂಟು ತಂತಿಯೇ ಇಂಟರ್‌ನೆಟ್ಟನ್ನು ಒಯ್ಯುತ್ತದೆ.

ಕರೆಂಟು ಹರಿಯುವ ತಂತಿಯಲ್ಲಿ ಮಾಹಿತಿ ಹರಿದರೆ ಯಂತ್ರ ಸುಟ್ಟುಹೋಗುವುದಿಲ್ಲವೇ? ವೈ-ಫೈಗಿಂತ ಇದು ಮೇಲೇ? ಯಾವುದನ್ನು ಕೊಳ್ಳಬೇಕು? ನೀವು ಕೇಳುವ ಪ್ರಶ್ನೆಗಳು ಇವು. ಪೆಟ್ಟಿಗೆಯ ಮೇಲೆ ಅಚ್ಚಾದ ಅಂಕಿಗಳನ್ನು ನೋಡಿ ಇವಕ್ಕೆ ಉತ್ತರ ಹೇಳಲಾಗದು. ಏಕೆಂದರೆ ಈ ತಂತ್ರ ನಿನ್ನೆ ಮೊನ್ನೆಯದಲ್ಲ; ಅದರ ಮೂಲಕಲ್ಪನೆಗೆ ನೂರಕ್ಕೂ ಹೆಚ್ಚು ವರ್ಷವಾಗಿದೆ. ಈ ಅವಧಿಯಲ್ಲಿ ಅದು ಕೆಲವು ಕಡೆ ಭರ್ಜರಿಯಾಗಿ ಗೆದ್ದಿದೆ, ಕೆಲವು ಕಡೆ ಹೀನಾಯವಾಗಿ ಸೋತಿದೆ. ಗೆದ್ದದ್ದೆಲ್ಲಿ, ಸೋತದ್ದೆಲ್ಲಿ ಎಂದು ತಿಳಿದರೆ ನಿಮ್ಮ ಮನೆ ಯಾವ ಪಂಗಡಕ್ಕೆ ಸೇರುತ್ತದೆಂದು ನೀವೇ ಹೇಳಬಲ್ಲಿರಿ.

ಮೊದಲು ತತ್ವ. ನಮ್ಮ ಮನೆಯ ಕರೆಂಟು ಸೆಕೆಂಡಿಗೆ 50 ಬಾರಿ ಏರಿಳಿಯುವ ನಿಧಾನದ ಅಲೆ. ಅದೇ ತಂತಿಗೆ ಸೆಕೆಂಡಿಗೆ ಲಕ್ಷಾಂತರ ಬಾರಿ ಏರಿಳಿಯುವ, ಬಲದಲ್ಲಿ ತೀರ ಕಿರಿದಾದ ಇನ್ನೊಂದು ಅಲೆಯನ್ನು ಸೇರಿಸಬಹುದು. ಮದುವೆ ಮನೆಯಲ್ಲಿ ಡೋಲು ಗುಡುಗುತ್ತಿದ್ದರೂ ನಾಗಸ್ವರದ ಏರುದನಿಯನ್ನು ನಿಮ್ಮ ಕಿವಿ ಬೇರೆ ಮಾಡಿ ಕೇಳುತ್ತದಲ್ಲವೇ? ಹಾಗೆಯೇ ಕೆಪಾಸಿಟರ್ ಎಂಬ ಪುಟ್ಟ ಭಾಗ ನಿಧಾನದ ಅಲೆಯನ್ನು ತಡೆದು, ವೇಗದ ಅಲೆಯನ್ನು ಮಾತ್ರ ಒಳಗೆ ಬಿಡುತ್ತದೆ. ಆ ವೇಗದ ಅಲೆಗೆ ಬಾನುಲಿ, ದೂರದರ್ಶನಗಳ ಭಾಷೆಯಲ್ಲಿ ವಾಹಕ ತರಂಗವೆಂದು ಹೆಸರು. ಮಾತು, ಚಿತ್ರ, ಅಂಕಿ, ಏನನ್ನಾದರೂ ಅದರ ಬೆನ್ನ ಮೇಲೆ ಹೇರಬಹುದು. ಆದ್ದರಿಂದ ಸುಟ್ಟುಹೋಗುವ ಭಯ ಬೇಡ.

ಆದರೂ ಇದನ್ನು ಬರೆಯುವಾಗ ನಮ್ಮಂಥವರಿಗೆ ಸ್ವಲ್ಪ ಮುಜುಗರವೇ. ಸ್ಟುಡಿಯೋದಲ್ಲಿ ಕರೆಂಟು ತಂತಿಗೂ ಧ್ವನಿಯ ತಂತಿಗೂ ಹಾವು ಮುಂಗುಸಿಯ ಸಂಬಂಧ. ಮೈಕಿನ ಕೇಬಲನ್ನು ದೀಪದ ಕೇಬಲಿನ ಪಕ್ಕದಲ್ಲೇ ಉದ್ದಕ್ಕೆ ಮಲಗಿಸಿದರೆ ಅತಿಥಿಗಳ ಮಾತಿನ ಹಿಂದೆ ಗುಂಯ್ ಎಂಬ ಶ್ರುತಿ ಬಂದು ಕೂರುತ್ತದೆ. ಈ ಎರಡನ್ನೂ ದೂರವಿಡುವುದೇ ನಮಗೆ ಕಲಿಸಿದ ಮೊದಲ ಪಾಠ. ಅಂಥದ್ದರಲ್ಲಿ ಎರಡನ್ನೂ ಒಂದೇ ತಂತಿಗೆ ಹಾಕಿದವರ ಧೈರ್ಯ ಮೆಚ್ಚಬೇಕಾದ್ದೇ.

ಆ ಧೈರ್ಯವಂತರಲ್ಲಿ ಮುಖ್ಯನಾದವನು ಅಮೆರಿಕದ ಸೈನ್ಯಾಧಿಕಾರಿ ಜಾರ್ಜ್ ಓವನ್ ಸ್ಕ್ವಯರ್. ಸೈನಿಕನಾಗಿದ್ದೂ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದಿದ್ದವನು. 1908ರಲ್ಲಿ ಆರ್ವಿಲ್ ರೈಟ್ ನಡೆಸುತ್ತಿದ್ದ ವಿಮಾನದಲ್ಲಿ ಕುಳಿತು ಹಾರಿದ ಮೊದಲ ಕೆಲವರಲ್ಲಿ ಒಬ್ಬ. 1910ರಲ್ಲಿ ವಾಷಿಂಗ್ಟನ್ನಿನಲ್ಲಿ ಆತ ಒಂದೇ ಜೋಡಿ ದೂರವಾಣಿ ತಂತಿಯಲ್ಲಿ, ಬೇರೆ ಬೇರೆ ಕಂಪನಾಂಕದ ವಾಹಕ ತರಂಗಗಳನ್ನು ಬಳಸಿ, ಏಕಕಾಲಕ್ಕೆ ಒಂದಕ್ಕಿಂತ ಹೆಚ್ಚು ಸಂಭಾಷಣೆಗಳನ್ನು ನಡೆಸಿ ತೋರಿಸಿದ. ರೇಡಿಯೊ ಅಲೆ ಆಕಾಶದಲ್ಲಿ ಚದುರಿಹೋಗುವ ಬದಲು ತಂತಿಯ ಗುಂಟವೇ ಸಾಗುತ್ತದೆ. ಹಾಗಾಗಿ ಇದಕ್ಕೆ ತಂತಿಯುಳ್ಳ ನಿಸ್ತಂತು ಎಂಬ ವಿಚಿತ್ರ ಹೆಸರು ಬಂತು. 1911ರಲ್ಲಿ ದೊರೆತ ಹಕ್ಕುಪತ್ರಗಳನ್ನು ಸ್ಕ್ವಯರ್ ಸಾರ್ವಜನಿಕರಿಗೆ ಅರ್ಪಿಸಿದ. ಮುಂದೆ ದೊಡ್ಡ ದೂರವಾಣಿ ಕಂಪನಿಯೊಂದು ಅದನ್ನು ಬಳಸಿಕೊಂಡಾಗ ಹಣ ಕೇಳಿ ನ್ಯಾಯಾಲಯಕ್ಕೂ ಹೋದ. ಸಾರ್ವಜನಿಕರಿಗೆ ಕೊಟ್ಟದ್ದು ಎಲ್ಲರಿಗೂ ಕೊಟ್ಟಂತೆಯೇ ಎಂದು ನ್ಯಾಯಾಲಯ ಹೇಳಿತು.

ದೂರವಾಣಿ ತಂತಿಯಲ್ಲಿ ಆಗುವುದು ಕರೆಂಟು ತಂತಿಯಲ್ಲಿ ಏಕಾಗಬಾರದು? 1922ರ ಹೊತ್ತಿಗೆ ಒಂದು ದೊಡ್ಡ ವಿದ್ಯುತ್ ಸಮೂಹ ಸ್ಕ್ವಯರನ ತಂತ್ರವನ್ನು ಕೈಗೆತ್ತಿಕೊಂಡಿತು. ನ್ಯೂಯಾರ್ಕಿನ ಸ್ಟೇಟನ್ ಐಲೆಂಡಿನಲ್ಲಿ ಮನೆಮನೆಯ ಕರೆಂಟು ತಂತಿಯ ಮೂಲಕವೇ ಸಂಗೀತ ಮತ್ತು ವಾರ್ತೆಗಳನ್ನು ಕಳುಹಿಸುವ ಪ್ರಯೋಗ ನಡೆಯಿತು. ಶುಲ್ಕ ಕರೆಂಟು ಬಿಲ್ಲಿನಲ್ಲೇ ಸೇರಿ ಬರುತ್ತಿತ್ತು. ಆದರೆ ಅದೇ ವರ್ಷಗಳಲ್ಲಿ ನಿಜವಾದ ರೇಡಿಯೊ ಊರೂರಿಗೆ ಹಬ್ಬಿತು. ಆಕಾಶದಿಂದ ಪುಕ್ಕಟೆಯಾಗಿ ಬರುವುದಕ್ಕೆ ತಂತಿಯಲ್ಲಿ ಬಾಡಿಗೆ ಕಟ್ಟುವವರು ಯಾರು? 1934ರಲ್ಲಿ ಆ ಸಂಸ್ಥೆ ಮ್ಯೂಸಿಕ್ ಮತ್ತು ಕೊಡಾಕ್ ಎಂಬ ಪದಗಳನ್ನು ಬೆಸೆದು ಮ್ಯೂಜಾಕ್ ಎಂಬ ಹೆಸರು ಇಟ್ಟುಕೊಂಡಿತು. ಕ್ರಮೇಣ ಮನೆಗಳನ್ನು ಬಿಟ್ಟು ಹೋಟೆಲುಗಳಿಗೆ ದೂರವಾಣಿ ತಂತಿಯಲ್ಲಿ ಹಿನ್ನೆಲೆ ಸಂಗೀತ ಒದಗಿಸತೊಡಗಿತು. ಸ್ಕ್ವಯರ್ ತೀರಿಕೊಂಡದ್ದೂ ಆ ವರ್ಷವೇ. ಮನೆಯ ಕರೆಂಟು ತಂತಿಗೆ ಇದು ಮೊದಲ ಸೋಲು. ಅಂದು ನಿಸ್ತಂತುವಿಗೆ ಸೋತ ತಂತಿಯನ್ನೇ ಇಂದು ನಿಸ್ತಂತು ಕೈಕೊಟ್ಟ ಕೋಣೆಗಾಗಿ ಮತ್ತೆ ಕರೆಯುತ್ತಿದ್ದೇವೆ.

ಮನೆಯಲ್ಲಿ ಸೋತರೂ ಹೊರಗೆ, ಬೆಟ್ಟ ಕಾಡುಗಳ ನಡುವೆ ಹಾದುಹೋಗುವ ಹೈಟೆನ್ಷನ್ ಮಾರ್ಗಗಳಲ್ಲಿ ಇದೇ ತಂತ್ರ ರಾಜನಂತೆ ಮೆರೆಯಿತು. ದೂರದ ವಿದ್ಯುದಾಗಾರಕ್ಕೂ ಊರಿನ ಉಪಕೇಂದ್ರಕ್ಕೂ ಕ್ಷಣಕ್ಷಣ ಮಾತುಕತೆ ನಡೆಯಬೇಕು. ಎಷ್ಟು ಲೋಡು ಇದೆ, ಯಾವ ಮಾರ್ಗ ಬಿದ್ದಿದೆ ಎಂಬುದು ತಕ್ಷಣ ತಿಳಿಯಬೇಕು. ನಮ್ಮ ನಾಡಿಗೆ ದೂರದ ಮಾರ್ಗ ಹೊಸದೇನಲ್ಲ. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರು ದೂರ ಕರೆಂಟು ಹರಿದದ್ದು 1902ರಲ್ಲೇ. ಮೊದಲ ಮಹಾಯುದ್ಧದ ನಂತರದ ವರ್ಷಗಳಲ್ಲಿ ಜಗತ್ತಿನ ವಿದ್ಯುತ್ ಸಂಸ್ಥೆಗಳು ಮಾತಿಗೆಂದು ಬೇರೆ ಕಂಬ ನೆಡುವ ಬದಲು ಕರೆಂಟು ತಂತಿಯನ್ನೇ ದೂರವಾಣಿಯಾಗಿಯೂ ಬಳಸತೊಡಗಿದವು. ಸಾವಿರಾರು ವೋಲ್ಟಿನ ತಂತಿಯಲ್ಲಿ ಆಪರೇಟರುಗಳ ಹಲೋ ಹಲೋ ನೂರಾರು ಕಿಲೋಮೀಟರು ಸಾಗಿತು. ನಮ್ಮ ಮೊದಲಿನ ವಿದ್ಯುಚ್ಛಕ್ತಿ ಮಂಡಳಿಯೂ 1999ರ ನಂತರದ ವಿದ್ಯುತ್ ಪ್ರಸರಣ ನಿಗಮವೂ ಇದನ್ನು ಬಳಸಿವೆ.

ಮುಂದೊಮ್ಮೆ ದೊಡ್ಡ ಉಪಕೇಂದ್ರದ ಬೇಲಿಯ ಪಕ್ಕ ಹಾದುಹೋಗುವಾಗ ತಲೆಯೆತ್ತಿ ನೋಡಿ. ಮಾರ್ಗ ಒಳಬರುವ ಕಡೆ, ದಪ್ಪ ತಂತಿಯನ್ನು ಸುರುಳಿ ಸುತ್ತಿದ ಪೀಪಾಯಿಯಂಥ ವಸ್ತುವೊಂದು ನೇತಾಡುತ್ತಿರಬಹುದು ಅಥವಾ ಕಂಬದ ಮೇಲೆ ಕುಳಿತಿರಬಹುದು. ಅದಕ್ಕೆ ವೇವ್ ಟ್ರ್ಯಾಪ್ ಎನ್ನುತ್ತಾರೆ. 50 ಹರ್ಟ್ಸಿನ ಕರೆಂಟು ಅದರೊಳಗೆ ಸಲೀಸಾಗಿ ಹಾಯ್ದುಹೋಗುತ್ತದೆ. ಮಾತು ಹೊತ್ತ ವೇಗದ ಅಲೆಗೆ ಮಾತ್ರ ಅದು ಮುಚ್ಚಿದ ಬಾಗಿಲು. ಹಾಗಾಗಿ ಮಾತು ಉಪಕೇಂದ್ರದ ಟ್ರಾನ್ಸ್‌ಫಾರ್ಮರುಗಳಲ್ಲಿ ಕಳೆದುಹೋಗದೆ, ಪಕ್ಕದ ಕೆಪಾಸಿಟರಿನ ಮೂಲಕ ಇಳಿದು ಆಪರೇಟರಿನ ಕೋಣೆ ಸೇರುತ್ತದೆ. ಈಗ ಗಾಜಿನ ಎಳೆಯ ಕೇಬಲ್ಲುಗಳು ಅದರ ಸ್ಥಾನವನ್ನು ಆಕ್ರಮಿಸುತ್ತಿವೆ ಎನ್ನುವುದು ಬೇರೆ ಮಾತು.

ಈ ಪೀಪಾಯಿಯಲ್ಲೇ ಇಡೀ ಇತಿಹಾಸದ ಒಳಗುಟ್ಟಿದೆ. ಅಲ್ಲಿ ತಂತಿ ನೇರವಾದದ್ದು, ಕವಲುಗಳು ಕಡಿಮೆ, ಎರಡೂ ತುದಿಗಳಲ್ಲಿ ಕಾವಲಿದೆ, ಒಡೆಯ ಒಬ್ಬನೇ. ಮನೆಯ ವೈರಿಂಗ್ ಹಾಗಲ್ಲ. ಅದು ಕೊಂಬೆ ರೆಂಬೆಗಳ ಮರ. ಪ್ರತಿ ರೆಂಬೆಯ ತುದಿಗೂ ಒಂದೊಂದು ಯಂತ್ರ, ಪ್ರತಿಯೊಂದಕ್ಕೂ ಅದರದೇ ಗಲಾಟೆ. ಕಾವಲಿನ ಮಾತಂತೂ ಇಲ್ಲವೇ ಇಲ್ಲ.

ಈ ಗದ್ದಲದ ಮರದೊಳಗೆ ಮತ್ತೆ ನುಗ್ಗಿದವರು ಸ್ಕಾಟ್ಲೆಂಡಿನ ಗ್ಲೆನ್ರಾಥೆಸ್ ಎಂಬ ಊರಿನ ಪೀಕೋ ಎಲೆಕ್ಟ್ರಾನಿಕ್ಸ್ ಸಂಸ್ಥೆಯ ಎಂಜಿನಿಯರುಗಳು. 1975ರಲ್ಲಿ ಅವರು ರೂಪಿಸಿದ ಎಕ್ಸ್-10 ಎಂಬ ವ್ಯವಸ್ಥೆಯಿಂದ ಕುಳಿತಲ್ಲಿಂದಲೇ ಮನೆಯ ದೀಪ, ಯಂತ್ರಗಳನ್ನು ಹಚ್ಚಬಹುದಿತ್ತು, ಆರಿಸಬಹುದಿತ್ತು. ಅವರ ಉಪಾಯ ಸೊಗಸಾದದ್ದು. ಏರಿಳಿಯುವ ಕರೆಂಟು ಪ್ರತಿ ಸುತ್ತಿನಲ್ಲೂ ಎರಡು ಸಲ ಸೊನ್ನೆಯನ್ನು ಮುಟ್ಟುತ್ತದೆ. ಆ ಕ್ಷಣದಲ್ಲಿ ತಂತಿ ತುಸು ಮೌನವಾಗಿರುತ್ತದೆ. ಆಗ ಮಾತ್ರ 120 ಕಿಲೋಹರ್ಟ್ಸಿನ ಒಂದು ಚಿಕ್ಕ ಕೂಗು ಹಾಕುವುದು. ಸೆಕೆಂಡಿಗೆ 60 ಸುತ್ತಿನ ಅಮೆರಿಕದ ಕರೆಂಟಿನಲ್ಲಿ ಹೀಗೆ ಸಾಗುತ್ತಿದ್ದುದು ಸೆಕೆಂಡಿಗೆ ಬರೀ 60 ಬಿಟ್. ದೀಪ ಹಚ್ಚು, ಆರಿಸು ಎನ್ನಲು ಅಷ್ಟು ಸಾಕಲ್ಲ.

1978ರಿಂದ ಅಮೆರಿಕದ ಅಂಗಡಿಗಳಲ್ಲಿ ಇದು ಮಾರಾಟವಾಯಿತು. ಕೊಂಡವರಿಗೆ ಒಂದು ಒಗಟು ಎದುರಾಯಿತು. ಕೆಲವು ಮನೆಗಳಲ್ಲಿ ಅರ್ಧ ದೀಪಗಳು ಮಾತ್ರ ಮಾತು ಕೇಳುತ್ತಿದ್ದವು. ಆದರೆ ಅಡುಗೆಮನೆಯ ಎಲೆಕ್ಟ್ರಿಕ್ ಒಲೆ ಹಚ್ಚಿದೊಡನೆ ಉಳಿದ ಅರ್ಧವೂ ಕೇಳತೊಡಗುತ್ತಿದ್ದವು! ಕಾರಣ ಸರಳ. ಅಲ್ಲಿನ ಮನೆಗೆ ಕರೆಂಟು ಎರಡು ಕವಲಾಗಿ ಬರುತ್ತದೆ. ಒಂದು ಕವಲಿನ ಕೂಗು ಇನ್ನೊಂದಕ್ಕೆ ಸರಿಯಾಗಿ ಮುಟ್ಟುತ್ತಿರಲಿಲ್ಲ. ದೊಡ್ಡ ಒಲೆ ಎರಡೂ ಕವಲುಗಳ ನಡುವೆ ಜೋಡಣೆಯಾಗಿದ್ದರಿಂದ ಅದೇ ಸೇತುವೆಯಾಗುತ್ತಿತ್ತು. ಈ ಒಲೆಯ ಪ್ರಸಂಗವನ್ನು ನೆನಪಿಟ್ಟುಕೊಳ್ಳಿ. ಮೂರು ಫೇಸಿನ ಸಂಪರ್ಕವಿರುವ ನಮ್ಮ ಮನೆಗಳಿಗೆ ಬಂದಾಗ ಅದು ಬೇಕಾಗುತ್ತದೆ.

ಇಂಟರ್‌ನೆಟ್ ಬಂದ ಮೇಲೆ ಆಸೆ ದೊಡ್ಡದಾಯಿತು. ಪ್ರತಿ ಮನೆಗೂ ಕರೆಂಟು ತಂತಿ ಇದ್ದೇ ಇದೆ, ಬೀದಿಯಿಂದಲೇ ಅದರಲ್ಲಿ ಇಂಟರ್‌ನೆಟ್ ಕಳುಹಿಸಿಬಿಡೋಣ ಎಂದು 1997ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಪ್ರದೇಶದಲ್ಲಿ ನಾರ್ಟೆಲ್ ಮತ್ತು ಅಲ್ಲಿನ ವಿದ್ಯುತ್ ಸಂಸ್ಥೆ ಸೇರಿ ನಾರ್‌ವೆಬ್ ಎಂಬ ಯೋಜನೆಯನ್ನು ಘೋಷಿಸಿದವು. ಸೆಕೆಂಡಿಗೆ 10 ಲಕ್ಷ ಬಿಟ್ ಎಂದರೆ ಅಂದಿಗೆ ಕಣ್ಣು ಕುಕ್ಕುವ ವೇಗ. ಆದರೆ ಕರೆಂಟು ತಂತಿಗೆ ಕವಚವಿಲ್ಲ. ವೇಗದ ಅಲೆ ಅದರಲ್ಲಿ ಹರಿದರೆ ತಂತಿಯೇ ಆಂಟೆನಾ ಆಗಿ ಹೊರಗೆ ಚೆಲ್ಲುತ್ತದೆ. ಬೀದಿ ದೀಪದ ಕಂಬಗಳೂ ಈ ಚೆಲ್ಲುವ ಕೆಲಸಕ್ಕೆ ಕೈಜೋಡಿಸಿದವು. ಶಾರ್ಟ್‌ವೇವ್ ಕೇಳುವವರು, ಹವ್ಯಾಸಿ ರೇಡಿಯೊದವರು ಆಕ್ಷೇಪವೆತ್ತಿದರು. ಮಾರುಕಟ್ಟೆಯೂ ಸಾಕಷ್ಟು ದೊಡ್ಡದಲ್ಲವೆಂದು ಕಂಡು 1999ರಲ್ಲಿ ಯೋಜನೆಯನ್ನು ಮುಚ್ಚಲಾಯಿತು. ಅಮೆರಿಕದ ವರ್ಜೀನಿಯಾ ರಾಜ್ಯದ ಮನಾಸಸ್ ನಗರ 2005ರಲ್ಲಿ ಇಡೀ ಊರಿಗೆ ಇಂಥ ಸೇವೆ ಒದಗಿಸಿ ಹೆಸರು ಮಾಡಿತು. 2010ರಲ್ಲಿ ಅದೂ ನಿಂತಿತು.

ಬೇರೆಯವರು ಬಳಸುವ ಆಕಾಶವನ್ನು ನಮ್ಮ ಅನುಕೂಲಕ್ಕಾಗಿ ಕೆಡಿಸಬಹುದೇ ಎಂಬ ಪ್ರಶ್ನೆ ಸಣ್ಣದಲ್ಲ. ಪ್ರವಾಹ, ಭೂಕಂಪಗಳಲ್ಲಿ ಎಲ್ಲ ಸಂಪರ್ಕ ಕಡಿದಾಗ ಸುದ್ದಿ ಮುಟ್ಟಿಸುವವರು ಹ್ಯಾಮ್ ರೇಡಿಯೊದವರೇ. ಪ್ರಸಾರ ಕ್ಷೇತ್ರದಲ್ಲಿರುವ ನಾನು ಈ ವಿಷಯದಲ್ಲಿ ಅವರ ಪಕ್ಷ ಎಂದು ಮೊದಲೇ ಹೇಳಿಬಿಡುತ್ತೇನೆ.

ಅತ್ತ ಇಟಲಿಯ ಎನೆಲ್ ಸಂಸ್ಥೆ 2001ರಿಂದ ಸುಮಾರು 3 ಕೋಟಿ ಮನೆಗಳ ಮೀಟರುಗಳನ್ನು ಕರೆಂಟು ತಂತಿಯ ಮೂಲಕವೇ ಓದುವ ವ್ಯವಸ್ಥೆ ಮಾಡಿ ಗೆದ್ದಿತು. ಮೀಟರಿಗೆ ಅವಸರವಿಲ್ಲ. ಒಮ್ಮೆ ಹೇಳಿದ್ದು ಕೇಳದಿದ್ದರೆ ಇನ್ನೊಮ್ಮೆ ಹೇಳಿದರಾಯಿತು. ವೇಗ ಬೇಡವೆನ್ನುವ ಕಡೆ ಈ ತಂತಿ ನಂಬಿಗಸ್ತ ಸೇವಕ.

ಈಗ ನಿಮ್ಮ ಅಡಾಪ್ಟರಿನ ಸರದಿ. ಬೀದಿಯ ಆಸೆ ಬಿಟ್ಟು ಮನೆಯೊಳಗಷ್ಟೇ ಸಾಕು ಎಂದು 2000ದಲ್ಲಿ ಹಲವು ಕಂಪನಿಗಳು ಸೇರಿ ಹೋಮ್‌ಪ್ಲಗ್ ಎಂಬ ಒಕ್ಕೂಟ ಕಟ್ಟಿದವು. 2001ರಲ್ಲಿ ಬಂದ ಅದರ ಮೊದಲ ಮಾನಕದ ವೇಗ ಸೆಕೆಂಡಿಗೆ 14 ಮೆಗಾಬಿಟ್. ಅದರ ಜಾಣತನ ಇಷ್ಟು. ಒಂದೇ ದೊಡ್ಡ ವಾಹಕ ತರಂಗದ ಬದಲು 84 ಚಿಕ್ಕ ತರಂಗಗಳು, ಒಂದು ಹೆದ್ದಾರಿಯ ಬದಲು 84 ಓಣಿಗಳು. ಯಾವ ಓಣಿಯಲ್ಲಿ ಗದ್ದಲವಿದೆ ಎಂದು ಎರಡೂ ಪೆಟ್ಟಿಗೆಗಳು ಆಗಾಗ ಪರೀಕ್ಷಿಸಿಕೊಂಡು, ಆ ಓಣಿಯನ್ನು ಬಿಟ್ಟು ಬೇರೆ ಓಣಿಗಳಲ್ಲಿ ಸರಕು ಸಾಗಿಸುತ್ತವೆ. ಹ್ಯಾಮ್ ರೇಡಿಯೊದವರ ಪಟ್ಟಿಗಳಿಗೆ ಸೇರಿದ ಓಣಿಗಳನ್ನು ಮೊದಲೇ ಮುಚ್ಚಿಟ್ಟಿರುತ್ತಾರೆ. ಹಿಂದಿನ ಜಗಳದ ಫಲ ಇದು. 2005ರ ಎರಡನೆಯ ಮಾನಕ ಎವಿ. ಅದರಲ್ಲಿ ಓಣಿಗಳು ಸಾವಿರಕ್ಕೂ ಹೆಚ್ಚಾಗಿ ವೇಗ 200 ಮೆಗಾಬಿಟ್ ಆಯಿತು. ಆಮೇಲಿನ ಎವಿ-2 ಅರ್ತ್ ತಂತಿಯನ್ನೂ ದುಡಿಸಿಕೊಂಡಿತು. ಕೆಲಸ ಮುಗಿಯಿತೆಂದು 2016ರಲ್ಲಿ ಒಕ್ಕೂಟ ತನ್ನ ಚಟುವಟಿಕೆ ನಿಲ್ಲಿಸಿತು. ಜಿ.ಎಚ್.ಎನ್. ಎಂಬ ಇನ್ನೊಂದು ಅಂತರರಾಷ್ಟ್ರೀಯ ಮಾನಕದ ಪೆಟ್ಟಿಗೆಗಳೂ ಮಾರುಕಟ್ಟೆಯಲ್ಲಿವೆ. ಹೋಮ್‌ಪ್ಲಗ್ಗಿನದಕ್ಕೂ ಇದಕ್ಕೂ ಪರಸ್ಪರ ಭಾಷೆ ತಿಳಿಯದು. ಆದ್ದರಿಂದ ಒಂದೇ ಮಾನಕದ ಜೋಡಿಯನ್ನೇ ಕೊಳ್ಳಬೇಕು.

ಪೆಟ್ಟಿಗೆಯ ಮೇಲೆ 600, 1000, 1200 ಎಂದೆಲ್ಲ ದಪ್ಪ ಅಕ್ಷರದಲ್ಲಿ ಇರುತ್ತದೆ. ಅದು ತಂತಿಯ ಮೇಲಿನ ಆದರ್ಶ ವೇಗ, ಹೋಗುವುದು ಬರುವುದು ಎರಡೂ ಸೇರಿ. ನಿಮ್ಮ ಕಂಪ್ಯೂಟರಿಗೆ ದಕ್ಕುವುದು ಅದರ ಒಂದು ಪಾಲು ಮಾತ್ರ. ಕೆಲವು ಅಡಾಪ್ಟರುಗಳ ಮೈಮೇಲೆ 600 ಎಂದಿದ್ದರೂ ಕೇಬಲ್ ಸಿಕ್ಕಿಸುವ ಕಿಂಡಿ 100 ಮೆಗಾಬಿಟ್ಟಿನದೇ ಆಗಿರುತ್ತದೆ. ಅಗಲ ಕೊಳವೆಗೆ ಸಣ್ಣ ನಲ್ಲಿ ಹಾಕಿದಂತೆ. ಕೊಳ್ಳುವ ಮುನ್ನ ಆ ಕಿಂಡಿಯ ಅಂಕಿಯನ್ನೇ ಕೇಳಿ.

ಅಂಕಿಗಿಂತ ಮುಖ್ಯವಾದದ್ದು ನಿಮ್ಮ ಮನೆಯ ವೈರಿಂಗ್. ಮೂರು ಫೇಸಿನ ಸಂಪರ್ಕವಿದ್ದರೆ ರೌಟರ್ ಇರುವ ಕೋಣೆಯೂ ಮೂಲೆ ಕೋಣೆಯೂ ಒಂದೇ ಫೇಸಿನಲ್ಲಿವೆಯೇ ಎಂದು ವೈರಿಂಗಿನವರನ್ನು ಕೇಳಿ ತಿಳಿಯಿರಿ. ಬೇರೆ ಬೇರೆಯಾದರೆ ಅಕ್ಕಪಕ್ಕದ ತಂತಿಗಳಿಂದ ಸ್ವಲ್ಪ ಸೋರಿ ಕೆಲಸ ನಡೆದರೂ ನಡೆಯಬಹುದು, ಆದರೆ ವೇಗ ಕುಸಿಯುತ್ತದೆ. ಅಮೆರಿಕದ ಒಲೆಯ ಕಥೆಯೇ ಇದು. ಅಡಾಪ್ಟರನ್ನು ಗೋಡೆಯ ಪ್ಲಗ್ಗಿಗೇ ನೇರ ಸಿಕ್ಕಿಸಬೇಕು. ಸ್ಪೈಕ್ ಗಾರ್ಡ್, ಸ್ಟೆಬಿಲೈಸರುಗಳ ಹಿಂದೆ ಇಟ್ಟರೆ ಅವು ವೇಗದ ಅಲೆಯನ್ನು ಕೊಳೆಯೆಂದೇ ತಿಳಿದು ಸೋಸಿಬಿಡುತ್ತವೆ. ಎವಿ-2 ಕೊಳ್ಳುವವರು ತಮ್ಮ ಪ್ಲಗ್ಗಿನ ಮೂರನೆಯ ತೂತಿಗೆ ಅರ್ತ್ ನಿಜವಾಗಿ ಬಂದಿದೆಯೇ ಎಂದೂ ಪರೀಕ್ಷಿಸಿಕೊಳ್ಳಬೇಕು. ಅರ್ತ್ ತೂತಿದ್ದು ತಂತಿಯೇ ಇಲ್ಲದ ಮನೆಗಳು ನಮ್ಮಲ್ಲಿ ಕಡಿಮೆಯೇನಿಲ್ಲ. ಇದು ಇಂಟರ್‌ನೆಟ್ಟಿನ ಮಾತಷ್ಟೇ ಅಲ್ಲ, ಜೀವದ ಮಾತು.

ಇನ್‌ವರ್ಟರ್ ಇರುವ ಮನೆಗಳಲ್ಲಿ ಇನ್ನೊಂದು ತೊಡಕಿದೆ. ಕರೆಂಟು ಹೋದಾಗ ದೀಪ, ಫ್ಯಾನುಗಳ ಲೈನಿಗೆ ಮಾತ್ರ ಬ್ಯಾಟರಿಯ ಆಸರೆ ಇರುತ್ತದೆ. ಒಂದು ಅಡಾಪ್ಟರ್ ಆ ಲೈನಿನಲ್ಲೂ ಇನ್ನೊಂದು ಹೊರಗಿನ ಲೈನಿನಲ್ಲೂ ಇದ್ದರೆ, ಸಂಜೆ ಕರೆಂಟು ಹೋದ ಗಳಿಗೆಯಲ್ಲೇ ಸಂಪರ್ಕ ಕಡಿಯುತ್ತದೆ. ಪರೀಕ್ಷೆಗೆ ಓದುವ ಮಕ್ಕಳಿರುವ ಮನೆಯಲ್ಲಿ ಇದನ್ನು ಮೊದಲೇ ಯೋಚಿಸಬೇಕು. ವೈ-ಫೈಗೆ ಈ ತೊಂದರೆ ಇಲ್ಲ. ರೌಟರಿಗೆ ಬ್ಯಾಟರಿ ಇದ್ದರೆ ಸಾಕು.

ಅಪಾರ್ಟ್‌ಮೆಂಟಿನಲ್ಲಿ ಇರುವವರು ಜೋಡಿ ಮಾಡುವ ಗುಂಡಿಯನ್ನು ಒತ್ತಲು ಮರೆಯಬಾರದು. ಕಾರ್ಖಾನೆಯಿಂದ ಬರುವಾಗ ಎವಿ ಪೆಟ್ಟಿಗೆಗಳಿಗೆಲ್ಲ ಒಂದೇ ರಹಸ್ಯಪದ ಇರುತ್ತದೆ. ಅಲೆಯೋ ಮೀಟರನ್ನು ದಾಟಿ ಪಕ್ಕದ ಮನೆಗೂ ಸೋರಬಲ್ಲದು. ಗುಂಡಿ ಒತ್ತಿದಾಗ ನಿಮ್ಮದೇ ಹೊಸ ಕೀಲಿ ಹುಟ್ಟುತ್ತದೆ.

ಹಾಗಾದರೆ ಯಾವುದು ಮೇಲು? ಕೇಬಲ್ ಎಳೆಯಲು ಸಾಧ್ಯವಿದ್ದರೆ ಸಾದಾ ಲ್ಯಾನ್ ಕೇಬಲ್ಲೇ ಎಲ್ಲಕ್ಕಿಂತ ಮೇಲು. ಅಡಾಪ್ಟರೂ ವೈ-ಫೈಯೂ ಅದರ ಮುಂದೆ ಸಪ್ಪೆ. ಅದಾಗದಿದ್ದರೆ, ಬಾಗಿಲ ಬಳಿಯ ಮೂಲೆಯಲ್ಲಿ ಬಿದ್ದಿರುವ ರೌಟರನ್ನು ಮನೆಯ ನಡುವಿಗೆ, ಎತ್ತರಕ್ಕೆ ತಂದು ನೋಡಿ. ಎಷ್ಟೋ ಮನೆಗಳಲ್ಲಿ ಖರ್ಚಿಲ್ಲದೆ ಸಮಸ್ಯೆ ಅಲ್ಲಿಗೇ ತೀರುತ್ತದೆ. ಗೋಡೆ ಕಲ್ಲಿನದು, ವೈರಿಂಗ್ ಅಚ್ಚುಕಟ್ಟಾದದ್ದು, ಎರಡು ಕೋಣೆಯೂ ಒಂದೇ ಫೇಸು, ಬೇಕಾದದ್ದು ಒಂದು ಕಂಪ್ಯೂಟರಿಗೋ ಒಂದು ಟಿ.ವಿ.ಗೋ ಸಂಪರ್ಕ, ಇಷ್ಟು ಕೂಡಿಬಂದರೆ ಪವರ್‌ಲೈನ್ ಅಡಾಪ್ಟರನ್ನು ಧೈರ್ಯವಾಗಿ ಆರಿಸಬಹುದು. ಮನೆಮಂದಿಯೆಲ್ಲ ಮೊಬೈಲ್ ಹಿಡಿದು ಓಡಾಡುವ ಮನೆಗೆ ಎರಡನೆಯ ವೈ-ಫೈ ಪೆಟ್ಟಿಗೆಯೇ ಸರಿ.

ಹಿಂತಿರುಗಿಸಿಕೊಳ್ಳುವ ಅಂಗಡಿಯಲ್ಲೇ ಕೊಳ್ಳಿ. ತಂದ ದಿನ ಮಧ್ಯಾಹ್ನದ ನಿಶ್ಶಬ್ದದಲ್ಲಿ ಪರೀಕ್ಷಿಸಿ ತೃಪ್ತರಾಗಬೇಡಿ. ಸಂಜೆ ಏಳರ ಹೊತ್ತಿಗೆ, ಮನೆಯ ಎಲ್‌ಇಡಿ ದೀಪಗಳೆಲ್ಲ ಹತ್ತಿ, ಮೊಬೈಲ್ ಚಾರ್ಜರುಗಳೆಲ್ಲ ಪ್ಲಗ್ಗಿನಲ್ಲಿದ್ದು, ಅಡುಗೆಮನೆಯಲ್ಲಿ ಮಿಕ್ಸಿ ತಿರುಗುತ್ತಿರುವಾಗ ಒಂದು ಚಲನಚಿತ್ರ ಹಚ್ಚಿ ನೋಡಿ. ಹತ್ತಿರದಲ್ಲಿ ಯಾರಾದರೂ ಶಾರ್ಟ್‌ವೇವ್ ಕೇಳುವವರು ಇದ್ದರೆ, ಅವರ ರೇಡಿಯೊದಲ್ಲಿ ಹೊಸ ಕರಕರ ಸದ್ದು ಬಂದಿದೆಯೇ ಎಂದೂ ಒಂದು ಮಾತು ವಿಚಾರಿಸಿ.